ಮೋರ್ಯರ ಗುಡ್ಡದ ಕೊಳ



ಬೆಟ್ಟಗಳ ನಡುವೆ ಊರಿಂದೂರಿಗೆ ಕಾಲ್ನಡೆಯಲ್ಲಿ ಹೋಗುವ ಸುಖವನ್ನು ವರ್ಣಿಸುವವರು ಸಾಮಾನ್ಯವಾಗಿ ಹಿಮಾಲಯವನ್ನೋ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಶ್ರೇಣಿಯನ್ನೋ ಹೆಸರಿಸುತ್ತಾರೆ. ಹಿಮ ಕರಗಿ ನಿಂತ ತಿಳಿಯಾದ ಸರೋವರ, ಅದರ ಸುತ್ತಣ ಹಳೆಯ ಹಳ್ಳಿಗಳು, ಅವುಗಳನ್ನು ಕೂಡಿಸುವ ಕಾಲುದಾರಿ, ಇವು ಆ ವರ್ಣನೆಗಳಲ್ಲಿ ತಪ್ಪದೆ ಬರುತ್ತವೆ. ನಮ್ಮ ನಾಡಿನಲ್ಲಿ ಹಿಮವಿಲ್ಲವಾದರೂ ಬೆಟ್ಟ, ಹಳ್ಳಿ, ಕಾಲುದಾರಿ ಮತ್ತು ನೆತ್ತಿಯ ಮೇಲಣ ನೀರು ಒಂದೆಡೆ ದೊರೆಯುವ ಸೀಮೆಯೊಂದು ಉಂಟು. ತುಂಗಭದ್ರೆಯ ಉತ್ತರ ದಡದಲ್ಲಿ, ಗಂಗಾವತಿಯ ಸುತ್ತಿನ ಗುಡ್ಡಗಳೇ ಆ ಸೀಮೆ. ಅಲ್ಲಿಯ ಒಂದು ಕೊಳವು ಸತ್ತವರಿಗೆ ಮನೆ ಕಟ್ಟಲು ಕಲ್ಲು ಕಿತ್ತಾಗ ಉಂಟಾದುದು. ಆ ಕೊಳದವರೆಗೆ ಈ ಸಂಜೆ ನಿಮ್ಮನ್ನು ಕರೆದೊಯ್ಯಬೇಕೆಂದಿದ್ದೇನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಹಿಂದೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದುವು. 1956ರಲ್ಲಿ ಅವು ಕನ್ನಡ ರಾಜ್ಯವನ್ನು ಕೂಡಿಕೊಂಡುವು. 1997ರಲ್ಲಿ ಪ್ರತ್ಯೇಕ ಕೊಪ್ಪಳ ಜಿಲ್ಲೆಯಾಯಿತು. ಕುಷ್ಟಗಿ, ಯಲಬುರ್ಗಾಗಳ ಕಡೆ ನೆಲವು ಬಹುಮಟ್ಟಿಗೆ ಬಯಲು. ಅಲ್ಲಿ ಜೋಳ ಬೆಳೆಯುವ ಹೊಲಗಳ ನಡುವೆ ಇಟಗಿಯ ಮಹಾದೇವ ದೇವಾಲಯವು ಎದ್ದು ನಿಂತಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಆ ಗುಡಿಯ ವಿಷಯವೇ ಒಂದು ಪ್ರತ್ಯೇಕ ಭಾಷಣಕ್ಕೆ ಸಾಲುವಷ್ಟಿದೆ. ಇಂದು ಅದನ್ನು ಬಿಟ್ಟು ಆಗ್ನೇಯಕ್ಕೆ ತಿರುಗೋಣ. ಗಂಗಾವತಿಯನ್ನು ಸಮೀಪಿಸುತ್ತಿದ್ದಂತೆ ನೆಲದ ಸ್ವರೂಪವೇ ಬದಲಾಗುತ್ತದೆ. ಯಾರೋ ತಂದು ಸುರಿದಂತೆ ಗುಂಡಿನ ಮೇಲೆ ಗುಂಡು, ಅದರ ಮೇಲೆ ಮತ್ತೊಂದು. ಕೆಳಗೆ ಹಸುರಾದ ಭತ್ತದ ಗದ್ದೆ. ಮೇಲೆ ಹುಲ್ಲುಕಡ್ಡಿಗೂ ಎಡೆಯಿಲ್ಲದ ಬಂಡೆ.

ನಡಿಗೆಯನ್ನು ಆನೆಗುಂದಿಯಿಂದ ಆರಂಭಿಸುವುದು ಉಚಿತ. ಹಂಪೆಯ ಕಡೆಯಿಂದ ಬರುವವರು ಶತಮಾನಗಳ ಕಾಲ ಇಲ್ಲಿಗೆ ಹರಿಗೋಲಿನಲ್ಲಿಯೇ ದಾಟಿದರು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ಈ ದೋಣಿಗಳನ್ನು ಕಂಡು, ಅವು ಹದಿನೈದಿಪ್ಪತ್ತು ಜನರನ್ನು ಹೊರುವುದನ್ನೂ ಕುದುರೆ ಎತ್ತುಗಳನ್ನು ಸಹ ದಾಟಿಸುವುದನ್ನೂ ಬರೆದಿಟ್ಟಿದ್ದಾನೆ. ಊರಿನಲ್ಲಿ ಕೋಟೆಯ ಬಾಗಿಲುಗಳು, ರಂಗನಾಥನ ಗುಡಿ, ಗಗನಮಹಲು, ನದಿಯ ನಡುಗಡ್ಡೆಯಲ್ಲಿ ವ್ಯಾಸರಾಯರೇ ಮೊದಲಾದ ಒಂಬತ್ತು ಯತಿಗಳ ಬೃಂದಾವನಗಳು ಇವೆ. ಇವನ್ನು ನೋಡಿ ಹಿಂದಿರುಗುವವರೇ ಹೆಚ್ಚು. ಊರ ಹೊರಗಿನ ಬಂಡೆಗಳ ಸಂದಿಯಲ್ಲಿ ಒನಕೆ ಕಿಂಡಿಯೆಂಬ ಸ್ಥಳವಿದೆ. ಅಲ್ಲಿ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಮನುಷ್ಯರ ಹಾಗೂ ಪ್ರಾಣಿಗಳ ರೂಪಗಳು ಇಂದಿಗೂ ಮಾಸದೆ ಉಳಿದಿವೆ. ವಿಜಯನಗರಕ್ಕೆ ಅಡಿಗಲ್ಲು ಬೀಳುವ ಎಷ್ಟೋ ಕಾಲ ಮೊದಲೇ ಇಲ್ಲಿ ಒಬ್ಬನು ಬಂಡೆಯ ಮುಂದೆ ಕುಳಿತು ತನ್ನ ಮನಸ್ಸಿನಲ್ಲಿದ್ದುದನ್ನು ಬರೆದನೆಂಬುದು ಅಲ್ಲಿ ನಿಂತಾಗ ಮನಸ್ಸಿಗೆ ನಾಟುತ್ತದೆ.

ಆನೆಗುಂದಿಯಿಂದ ಪಶ್ಚಿಮಕ್ಕೆ ಹೊರಟರೆ ಎಡಗಡೆ ನದಿ, ಬಲಗಡೆ ಗುಡ್ಡಗಳ ಸಾಲು. ಸ್ವಲ್ಪ ದೂರದಲ್ಲಿಯೇ ಗುಡ್ಡಗಳ ಮಡಿಲಲ್ಲಿ ಪಂಪಾಸರೋವರ. ಮಾನಸ, ಬಿಂದು, ನಾರಾಯಣ, ಪಂಪಾ, ಪುಷ್ಕರ ಎಂದು ನಮ್ಮವರು ಎಣಿಸುವ ಪಂಚಸರೋವರಗಳಲ್ಲಿ ಇದೊಂದು. ಮಾನಸ ಸರೋವರವು ಸಮುದ್ರಮಟ್ಟಕ್ಕಿಂತ ನಾಲ್ಕೂವರೆ ಸಾವಿರ ಮೀಟರಿಗೂ ಎತ್ತರದಲ್ಲಿ ಹಿಮದ ನಡುವೆ ಇರುವ ಮಹಾಜಲ. ನಮ್ಮ ಪಂಪೆಯಾದರೋ ಕಲ್ಲು ಕಟ್ಟಿದ ಒಂದು ಕೊಳ. ಗಾತ್ರವನ್ನು ಮಾತ್ರ ನೋಡಿದರೆ ಈ ಜೋಡಣೆ ನಗೆ ತರಿಸಬಹುದು. ಆದರೆ ಬೇಸಗೆಯ ನಡುಹಗಲಿನಲ್ಲಿ ಕಾದ ಬಂಡೆಗಳ ಮೇಲೆ ಎರಡು ಗಂಟೆ ನಡೆದು ಈ ದಡಕ್ಕೆ ಬಂದವನಿಗೆ, ಎರಡು ನೀರುಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದವರ ವಿವೇಕವು ತಾನಾಗಿ ತಿಳಿಯುತ್ತದೆ.

ಮುಂದೆ ಹನುಮನಹಳ್ಳಿ, ಅದರ ಮೇಲೆ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳ ಅಂಜನಾದ್ರಿ. ಇದು ಕಿಷ್ಕಿಂಧೆಯೆಂದು ಜನರು ನಂಬುತ್ತಾರೆ. ಒಂದೊಂದು ಗುಡ್ಡಕ್ಕೂ ಗವಿಗೂ ರಾಮಾಯಣದ ಒಂದೊಂದು ಹೆಸರು. ನದಿಯ ಆಚೆಯ ದಡದಲ್ಲಿ ನಿಂಬಾಪುರದ ಹತ್ತಿರ ಒಂದು ಬೂದಿಯ ದಿಬ್ಬವಿದೆ. ಅದನ್ನು ವಾಲಿಯ ಚಿತಾಭಸ್ಮವೆಂದು ಹೇಳುವುದು ವಾಡಿಕೆ. ಕುಡತಿನಿ ಮೊದಲಾದ ಕಡೆಗಳಲ್ಲಿಯೂ ಇರುವ ಇಂಥ ದಿಬ್ಬಗಳು ನಾಲ್ಕು ಸಾವಿರ ವರ್ಷಗಳ ಸುಮಾರಿಗೆ ಹಿಂದೆ ಬದುಕಿದ ದನಗಾಹಿಗಳು ರಾಶಿರಾಶಿಯಾಗಿ ಸುಟ್ಟ ಸಗಣಿಯ ಬೂದಿ ಎಂಬುದನ್ನು ಅಗೆತಗಳು ತೋರಿಸಿಕೊಟ್ಟಿವೆ. ಜನರು ಹೇಳುವ ಕಥೆಯನ್ನು ಪಂಡಿತರು ಒಪ್ಪಬೇಕಾಗಿಲ್ಲ. ಆದರೆ ಇದು ಸಾಮಾನ್ಯ ಮಣ್ಣಲ್ಲ, ಬೂದಿ, ಬಹು ಹಳೆಯದು ಎಂದು ಜನರು ಮೊದಲೇ ಗುರುತಿಸಿದ್ದರಲ್ಲವೆ? ಆ ಮಟ್ಟಿಗೆ ಅವರ ಕಣ್ಣು ಸುಳ್ಳಾಡಲಿಲ್ಲ. ಮುಂದೆ ಹೇಳುವ ಮಾತಿಗಾಗಿ ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇನ್ನೂ ಪಶ್ಚಿಮಕ್ಕೆ ಸಾಣಾಪುರ. ಗುಡ್ಡಗಳ ನಡುವೆ ಇಲ್ಲಿ ಹರಡಿರುವ ಕೆರೆಯನ್ನು ನೋಡಿದವರು ಅದನ್ನು ಸೃಷ್ಟಿಯ ಕಾಲದಿಂದಲೂ ಇದ್ದುದೆಂದೇ ಭಾವಿಸಿಯಾರು. ಅದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಆ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಯಿತು, 1953ರಲ್ಲಿ ನೀರು ಹರಿಯಿತು. ಅದಕ್ಕೂ ನಾನೂರು ಐನೂರು ವರ್ಷ ಹಿಂದಿನವು ಹುಲಿಗಿ, ಶಿವಪುರ, ಆನೆಗುಂದಿ, ಗಂಗಾವತಿಗಳ ಹಳೆಯ ಕಾಲುವೆಗಳು. ವಿಜಯನಗರದವರು ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ ತೆಗೆದ ಈ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಗಂಗಾವತಿಯ ಅಕ್ಕಿಯನ್ನು ಉಣ್ಣುವವರು ಆ ಅರಸರ ಎಂಜಿನಿಯರುಗಳಿಗೆ ಇನ್ನೂ ಸಾಲಗಾರರು.

ಈ ಗುಡ್ಡಗಳು ಅರಸರಿಗೆ ಬೇರೊಂದು ಬಗೆಯಲ್ಲಿಯೂ ಒದಗಿದುವು. ಗಂಗಾವತಿಯಿಂದ ಪಶ್ಚಿಮಕ್ಕೆ ಹೇಮಗುಡ್ಡ, ಕುಮ್ಮಟದುರ್ಗಗಳಿವೆ. ಕಂಪಿಲಿಯ ಅರಸನೂ ಅವನ ಮಗ ಕುಮಾರರಾಮನೂ ದೆಹಲಿಯ ಸೈನ್ಯವನ್ನು ಎದುರಿಸಿದುದು ಇಲ್ಲಿಯೇ. ಮಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದು ಸೋತ ಬಂಧು ಬಹಾವುದ್ದೀನ್ ಗುರ್ಷಾಸ್ಪನಿಗೆ ಕಂಪಿಲಿರಾಯನು ಆಶ್ರಯ ಕೊಟ್ಟನು. ಶರಣು ಬಂದವನನ್ನು ಒಪ್ಪಿಸಲಿಲ್ಲ. 1327ರಲ್ಲಿ ರಾಜ್ಯವೇ ಹೋಯಿತು. ಕೊನೆಯಲ್ಲಿ ಅಂತಃಪುರದ ಹೆಂಗಸರು ಬೆಂಕಿಗೆ ಬಿದ್ದರೆಂದು ಇಬ್ನ್ ಬತೂತನು ಬರೆಯುತ್ತಾನೆ. ಕುಮಾರರಾಮನನ್ನು ಈ ಸೀಮೆಯ ಜನರು ಇನ್ನೂ ಮರೆತಿಲ್ಲ.

ಇಷ್ಟಾದ ಮೇಲೆ ಹಿರೇಬೆಣಕಲ್ಲು. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು ಹತ್ತು ಕಿಲೋಮೀಟರು ದೂರದ ಈ ಹಳ್ಳಿಯ ಬಳಿ, ಗುಡ್ಡಗಳ ಒಳಗೆ, ಮೋರ್ಯರ ಗುಡ್ಡವಿದೆ. ಏರುವ ದಾರಿಗೆ ಮೆಟ್ಟಿಲಿಲ್ಲ. ಕುರಿ ಮೇಯಿಸುವವರ ಕಾಲು ಸವೆಸಿದ ಜಾಡು ಒಮ್ಮೆ ಬಂಡೆಯ ಮೇಲೆ, ಒಮ್ಮೆ ಮುಳ್ಳುಕಂಟಿಯ ನಡುವೆ ಹಾಯ್ದು ಹೋಗುತ್ತದೆ. ಕರಡಿಯೂ ಚಿರತೆಯೂ ಇರುವ ಕಾಡಾದುದರಿಂದ ಹೊಸಬರು ಊರವರೊಬ್ಬರನ್ನು ಜತೆಗೆ ಕರೆದುಕೊಳ್ಳದೆ ಹೋಗಬಾರದು. ನನಗೆ ಜತೆಯಾದವರು ವಯಸ್ಸಾದ ಒಬ್ಬ ಕುರಿಗಾಹಿ. ದಾರಿಯ ಬಂಡೆಯೊಂದರ ಮರೆಯಲ್ಲಿ ಕೆಂಪು ಚಿತ್ರಗಳು ಕಂಡುವು, ಅವರು ನಿಲ್ಲಲಿಲ್ಲ. ನೆತ್ತಿಯನ್ನು ಮುಟ್ಟಿದೊಡನೆ ಕೈಯೆತ್ತಿ ತೋರಿಸಿ, "ಇವು ನೋಡ್ರಿ, ಮೋರ್ಯಾರ ಮನಿ" ಎಂದರು.

ನಾನು ಮೊದಲು ಕಂಡಾಗ ಊರೊಂದನ್ನೇ ಕಂಡಂತಾಯಿತು. ಕಲ್ಲಿನ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ ಮನೆಗಳು, ಸಾಲಿಗೆ ಸಾಲು. ಕೆಲವಕ್ಕೆ ಮೂರೇ ಗೋಡೆ. ಕೆಲವಕ್ಕೆ ನಾಲ್ಕು, ನಾಲ್ಕನೆಯದರಲ್ಲಿ ದುಂಡಗೆ ಕೊರೆದ ಕಿಂಡಿ. ಕೆಲವು ಅರ್ಧ ನೆಲದಲ್ಲಿ ಹೂತಿವೆ. ಇನ್ನು ಕೆಲವು ಕಡೆ ದೊಡ್ಡ ಹಾಸುಗಲ್ಲಿನ ಅಡಿಯ ಪೊಟರೆಯನ್ನೇ ಸುತ್ತ ಕಲ್ಲು ಜೋಡಿಸಿ ಕೋಣೆ ಮಾಡಿದ್ದಾರೆ. ಎಣಿಸಿದವರು ನಾನೂರರ ಸುಮಾರೆಂದು ಹೇಳಿದ್ದಾರೆ; ಒಡೆದು ಬಿದ್ದುದನ್ನೂ ನೆಲದಲ್ಲಿ ಮುಚ್ಚಿಹೋದುದನ್ನೂ ಕೂಡಿಸಿದರೆ ಲೆಕ್ಕ ಇನ್ನೂ ಏರುತ್ತದೆ. ಅತ್ಯಂತ ದೊಡ್ಡವು ಮೂರು ಮೀಟರಿನಷ್ಟು ಎತ್ತರ. ಸಣ್ಣವು ಮೊಣಕಾಲಿಗೆ ಸ್ವಲ್ಪ ಮೇಲೆ. ಒಂದು ಮಹಾಬಂಡೆಯ ತುದಿಯಲ್ಲಿ ಅರ್ಧಗೋಳದಂಥ ಕಲ್ಲನ್ನು ಕೂಡಿಸಿದೆ. ಮರದ ಕೊಡತಿಯಿಂದ ಹೊಡೆದರೆ ನಗಾರಿಯಂತೆ ದನಿಗೊಡುವ ಅದರ ಸದ್ದು ಒಂದು ಕಿಲೋಮೀಟರಿನಷ್ಟು ದೂರ ಕೇಳಿಸುತ್ತದೆಂದು ಹೇಳುತ್ತಾರೆ.

ಇವು ಕಬ್ಬಿಣಯುಗದ ಜನರು ತಮ್ಮ ಸತ್ತವರ ಸಲುವಾಗಿ ಕಟ್ಟಿದ ಕಲ್ಮನೆಗಳು. ಕ್ರಿಸ್ತಪೂರ್ವ 800ರಿಂದ 200ರವರೆಗಿನ ಕಾಲವನ್ನು ವಿದ್ವಾಂಸರು ಇವಕ್ಕೆ ಹೇಳುತ್ತಾರೆ. ಇಂಥ ರಚನೆಗಳು ಯೂರೋಪಿನ ಬ್ರಿಟನಿ, ಐರ್ಲೆಂಡ್ ಮೊದಲಾದ ಕಡೆಗಳಲ್ಲಿಯೂ ಇವೆ. ಸುರಪುರದಲ್ಲಿದ್ದ ಮೆಡೋಸ್ ಟೇಲರನು 19ನೆಯ ಶತಮಾನದ ನಡುವೆ ರಾಜನಕೋಳೂರಿನ ಕಲ್ಮನೆಗಳನ್ನು ಕುರಿತು ಬರೆದಾಗ, ತನ್ನ ದೇಶದ ಸಮಾಧಿಗಳನ್ನು ನೆನೆದು, ಕೆಲ್ಟರೋ ಸಿಥಿಯನರೋ ಬಂದು ಇವನ್ನು ಕಟ್ಟಿದರೆಂಬ ಊಹೆಗೆ ಒಲಿದನು. ಹೋಲಿಕೆಯು ಕಣ್ಣಿಗೆ ಹೊಡೆಯುವಂಥದೇ ಸರಿ. ಆದರೆ ಯೂರೋಪಿನವು ನಮ್ಮವಕ್ಕಿಂತ ಸಾವಿರಾರು ವರ್ಷ ಹಳೆಯವು. ನಡುವಣ ಕಾಲವನ್ನೂ ದೂರವನ್ನೂ ದಾಟಿಸುವ ಪ್ರಮಾಣವು ಸಿಕ್ಕದುದರಿಂದ ಆ ಊಹೆಯನ್ನು ಈಗ ಕೈಬಿಟ್ಟಿದ್ದಾರೆ. ಮುಂದೆ ಹೈದರಾಬಾದ್ ಸಂಸ್ಥಾನದ ಭೂಶಾಸ್ತ್ರಜ್ಞ ಲಿಯೊನಾರ್ಡ್ ಮನ್ನನು 1930ರ ದಶಕದಲ್ಲಿ ಈ ಸೀಮೆಯ ಪ್ರಾಚೀನ ನೆಲೆಗಳನ್ನು ಗುರುತಿಸಿದನು. ನಮ್ಮವರೇ ಆದ ಅ. ಸುಂದರ ಅವರು ದಕ್ಷಿಣದ ಕಲ್ಲುಕೋಣೆಗಳನ್ನೆಲ್ಲ ಕ್ರಮವಾಗಿ ಪರಿಶೀಲಿಸಿ 1975ರಲ್ಲಿ ಗ್ರಂಥವನ್ನು ಪ್ರಕಟಿಸಿದರು.

ನನ್ನ ಜತೆಗಾರರಿಗೆ ಈ ಗ್ರಂಥಗಳ ಗೊಡವೆಯಿರಲಿಲ್ಲ. "ಗೇಣುದ್ದದ ಮಂದಿ ಇದ್ದರಂತ್ರಿ ಮೋರ್ಯಾರು. ಬೆಂಕಿ ಮಳಿ ಬರತೈತಿ ಅಂತ ತಿಳದು ಈ ಮನಿ ಕಟಗೊಂಡರಂತ. ಮಳಿ ಬಂತು, ಮನಿಯೊಳಗ ಕುಂತವರು ಕುಂತಾಂಗ ಸತ್ತರಂತ" ಎಂದು ಅವರು ಹೇಳಿದರು. ಕಥೆ ಇವರೊಬ್ಬರದಲ್ಲ, ನಾಡಿನ ಹಲವು ಕಡೆ ಇದನ್ನೇ ಹೇಳುತ್ತಾರೆ. ಐಹೊಳೆಯ ಮೇಗುತಿ ಗುಡ್ಡದ ಬಳಿಯವನ್ನು ಮೋರೇರ ಅಂಗಡಿಗಳೆಂದು ಕರೆಯುತ್ತಾರೆ. ಗೇಣುದ್ದದವರು ಇಷ್ಟು ದೊಡ್ಡ ಚಪ್ಪಡಿಯನ್ನು ಹೇಗೆ ಎತ್ತಿದರೆಂದು ನಾನು ಕೇಳಿದೆ. "ಅದನ್ನ ನೀವ ಓದಿದವರು ಹೇಳಬೇಕ್ರಿ" ಎಂದರು.

ಓದಿದವನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದನು. ಎರಡೂವರೆ ಮೀಟರು ಉದ್ದ, ಎರಡು ಮೀಟರು ಅಗಲ, ಒಂದು ಗೇಣು ದಪ್ಪದ ಕಣಶಿಲೆಯ ಚಪ್ಪಡಿ ಮೂರು ಟನ್ನಿಗೆ ಹತ್ತಿರ ತೂಗುತ್ತದೆ. ಒಬ್ಬನ ಪಾಲಿಗೆ ಐವತ್ತು ಕಿಲೋ ಬಂದರೂ ಅರವತ್ತು ಮಂದಿ ಬೇಕು. ಒಂದು ಮನೆಗೆ ನಾಲ್ಕೈದು ಚಪ್ಪಡಿ. ಅರವತ್ತು ಮಂದಿಯನ್ನು ಒಟ್ಟಿಗೆ ಕರೆಸಬಲ್ಲವನಾರು? ಕರೆದರೆ ಅವರು ಬಂದುದೇಕೆ? ಅವರಿಗೆ ಊಟ ಎಲ್ಲಿಂದ? ಬಿಸಿಲಿಗೆ ಕಾಯುವ ಈ ಬಂಡೆಯ ಮೇಲೆ ನೀರೆಲ್ಲಿಂದ?

ಕಡೆಯ ಪ್ರಶ್ನೆಗೆ ಉತ್ತರವು ಎದುರಿಗೇ ಇತ್ತು. ಕಲ್ಮನೆಗಳ ನಡುವೆ, ಬಂಡೆಯ ತಗ್ಗಿನಲ್ಲಿ, ವರ್ಷವೆಲ್ಲ ನೀರು ನಿಲ್ಲುವ ಕೊಳವಿದೆ. ನಮ್ಮ ಗುಡ್ಡಗಾಡಿನಲ್ಲಿ ಇಂಥವನ್ನು ದೊಣೆಗಳೆನ್ನುತ್ತೇವೆ. ಇದು ದೊಣೆಗಿಂತ ಬಹಳ ದೊಡ್ಡದು. ಈ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಡುವ ಜಾತಿಯದು. ಬಿರುಕನ್ನು ಹುಡುಕಿ ಮೀಟಿದರೆ ಹಪ್ಪಳದಂಥ ಚಪ್ಪಡಿ ಏಳುತ್ತದೆ. ತಗ್ಗು ಮೊದಲೇ ಸ್ವಲ್ಪ ಇದ್ದಿರಬಹುದು. ಮನೆಗಳಿಗೆ ಚಪ್ಪಡಿ ಕಿತ್ತಂತೆ ಅದು ಹಿಗ್ಗಿತು, ಆಳವಾಯಿತು. ಮಳೆಯ ನೀರು ತುಂಬಿತು. ಸತ್ತವರ ಮನೆಯೂ ಬದುಕಿದವರ ನೀರೂ ಒಂದೇ ಕೆಲಸದಿಂದ ಹುಟ್ಟಿದುವು.

ಈ ಸ್ಥಳದಲ್ಲಿ ವರ್ಷಗಟ್ಟಲೆ ಕೆಲಸಮಾಡಿದ ಅಮೆರಿಕದ ಪುರಾತತ್ತ್ವಜ್ಞ ಆಂಡ್ರೂ ಬವರ್ ಅವರು ಸಮಾಧಿ, ದುಡಿಮೆ, ನೀರು ಈ ಮೂರನ್ನೂ ಕೂಡಿಸಿ ನೋಡಬೇಕೆಂದು ಬರೆದಿದ್ದಾರೆ. ಆನೆಗುಂದಿಯ ಹತ್ತಿರ ನದಿಯ ಉತ್ತರ ದಡದ ಗುಡ್ಡಗಳಲ್ಲಿ 2003ರಿಂದ ನಡೆದ ಅಗೆತಗಳು, ಅದೇ ಕಾಲದ ಜನರು ಗುಡ್ಡದ ಮೇಲೆಯೇ ನೆಲ ಸಮಮಾಡಿಕೊಂಡು ಮನೆ ಹೂಡಿದ್ದರೆಂದು ತೋರಿಸಿವೆ. ಅಂದಮೇಲೆ ಈ ಕೊಳವು ಬರಿಯ ಕಲ್ಲುಗಣಿಯ ಗುಂಡಿಯಲ್ಲ. ದನಕುರಿಗಳೇ ಸಿರಿಯಾಗಿದ್ದ ಜನರಿಗೆ ಬೇಸಗೆಯಲ್ಲಿ ಬತ್ತದ ನೀರು ಎಂದರೆ ಏನರ್ಥವೆಂಬುದನ್ನು ನಾನು ಹೇಳಬೇಕಾಗಿಲ್ಲ. ಅದರ ದಡದಲ್ಲಿ ತನ್ನ ಹಿರಿಯನ ಮನೆಯಿರುವವನು ಆ ನೀರಿನ ಮೇಲೆ ಹಕ್ಕು ಹೇಳಬಲ್ಲನು. ಮೂರು ಮೀಟರಿನ ಮನೆಯವನು ಗಟ್ಟಿಯಾಗಿ, ಮೊಣಕಾಲೆತ್ತರದ ಮನೆಯವನು ಮೆಲ್ಲಗೆ. ಹೀಗೆಂದು ನನ್ನ ಊಹೆ. ದೊಡ್ಡವನು ಸಣ್ಣವನು ಎಂಬ ಭೇದವನ್ನು ಇಷ್ಟು ಸ್ಪಷ್ಟವಾಗಿ ಕಲ್ಲಿನಲ್ಲಿ ಬರೆದಿಟ್ಟ ಇದಕ್ಕಿಂತ ಹಳೆಯ ದಾಖಲೆಯನ್ನು ನಮ್ಮ ಸೀಮೆಯಲ್ಲಿ ನಾನು ನೋಡಿಲ್ಲ.

ಇಲ್ಲಿ ಕೊಪ್ಪಳದ ಒಂದು ಸಂಗತಿಯನ್ನು ಹೇಳಲೇಬೇಕು. ಈ ಗುಡ್ಡದಿಂದ ಪಶ್ಚಿಮಕ್ಕೆ, ಕೊಪ್ಪಳ ಪಟ್ಟಣದ ಪಕ್ಕದ ಗವಿಮಠ ಮತ್ತು ಪಾಲ್ಕಿಗುಂಡು ಎಂಬ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. 1931ರಲ್ಲಿ ಅವು ಬೆಳಕಿಗೆ ಬಂದುವು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಬರಹ. ಅಂದರೆ ಮೋರ್ಯರ ಗುಡ್ಡದಲ್ಲಿ ಕಲ್ಮನೆ ಏಳುತ್ತಿದ್ದ ಕಾಲದ ಕೊನೆಯ ಭಾಗಕ್ಕೆ ಸೇರಿದುದು. ಗವಿಮಠದ ಶಾಸನವು ಕೊಡೆಯಂತೆ ಚಾಚಿದ ಬಂಡೆಯ ಅಡಿಯಲ್ಲಿದೆ. ಪಾಲ್ಕಿಗುಂಡಿನಲ್ಲಿ ಎರಡು ಗುಂಡುಗಳ ಮೇಲೆ ಒಂದು ಹಾಸುಗಲ್ಲು ತಾನಾಗಿಯೇ ಕುಳಿತು ಪಲ್ಲಕ್ಕಿಯಂತೆ ಕಾಣುತ್ತದೆ. ಹಿರೇಬೆಣಕಲ್ಲನ್ನು ನೋಡಿ ಬಂದವನ ಕಣ್ಣಿಗೆ ಅದು ಸೃಷ್ಟಿಯೇ ಕಟ್ಟಿದ ಕಲ್ಮನೆ. ಆ ಶಾಸನದ ತಾತ್ಪರ್ಯವೇನೆಂದರೆ, ಸದ್ಗತಿಯು ದೊಡ್ಡವರಿಗೆ ಮಾತ್ರ ಮೀಸಲಲ್ಲ. ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುತ್ತದೆ. ಈ ಮಾತು ಸಾಮ್ರಾಜ್ಯದ ಹಲವು ಕಡೆ ಕೊರೆಯಲ್ಪಟ್ಟಿತು, ಇಲ್ಲಿಗಾಗಿಯೇ ಹೇಳಿದುದಲ್ಲ. ಆದರೂ ದೊಡ್ಡವರಿಗೆ ದೊಡ್ಡ ಮನೆ, ಸಣ್ಣವರಿಗೆ ಸಣ್ಣ ಮನೆ ಕಟ್ಟುತ್ತಿದ್ದ ಜನರಲ್ಲಿ ಯಾರಾದರೊಬ್ಬನು ಕೊಪ್ಪಳದ ದಾರಿಯಲ್ಲಿ ನಿಂತು, ಓದಬಲ್ಲವನಿಂದ ಅದನ್ನು ಓದಿಸಿ ಕೇಳಿದ್ದರೆ, ಅವನಿಗೆ ಏನೆನಿಸಿರಬೇಕು?

ಮೋರ್ಯ ಎಂಬ ಹೆಸರಿಗೂ ಅಶೋಕನ ಮೌರ್ಯವಂಶಕ್ಕೂ ಸಂಬಂಧ ಕಲ್ಪಿಸುವ ಆಸೆ ಇಂಥಲ್ಲಿ ಯಾರಿಗಾದರೂ ಆಗುತ್ತದೆ. ಹಳೆಯ ತಮಿಳು ಕಾವ್ಯಗಳಲ್ಲಿ ಮೌರ್ಯರನ್ನು ಮೋರಿಯರೆಂದು ಕರೆದಿರುವುದೂ ಉಂಟು. ಆದರೆ ಕಲ್ಮನೆಗಳು ಆರಂಭವಾದುದು ಚಂದ್ರಗುಪ್ತನಿಗಿಂತ ಸುಮಾರು ಐನೂರು ವರ್ಷ ಮೊದಲು; ಮೌರ್ಯರು ಇವನ್ನು ಕಟ್ಟಿದವರಾಗಲಾರರು. ಹೆಸರು ಮಾತ್ರ ಆಮೇಲೆ ಬಂದು ಅಂಟಿಕೊಂಡಿರಬಹುದು. ಅಂಟಿಕೊಂಡಿದ್ದರೆ, ಎಂದೋ ಬಂದುಹೋದ ದೊರೆತನದ ನೆನಪು ಕುರಿಗಾಹಿಗಳ ಬಾಯಲ್ಲಿ ಎರಡು ಸಾವಿರ ವರ್ಷ ಉಳಿದಂತಾಯಿತು. ಇಲ್ಲವಾದರೆ ಅದು ಬೇರೆ ಯಾವುದೋ ಮಾತು. ಜನರ ಕಥೆಯನ್ನು ಪೂರ್ತಿ ನಂಬುವುದೂ ಪೂರ್ತಿ ತಳ್ಳುವುದೂ ಎರಡೂ ಅವಸರದ ಕೆಲಸವೆಂದು ನಿಂಬಾಪುರದ ಬೂದಿಯನ್ನು ಕಂಡಮೇಲೆ ನನಗೆ ತೋರಿದೆ.

2021ರಲ್ಲಿ ಈ ಗುಡ್ಡವು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಅದಕ್ಕೆ ಮೊದಲೇ ನಿಧಿಯ ಆಸೆಯಿಂದ ಕಲ್ಮನೆಗಳನ್ನು ಕೆಡವಿದವರುಂಟು. ಅರವತ್ತು ಮಂದಿ ಏರಿಸಿದ ಚಪ್ಪಡಿಯನ್ನು ಇಬ್ಬರು ಒಂದು ಹಾರೆಯಿಂದ ಒಂದೇ ರಾತ್ರಿಯಲ್ಲಿ ಉರುಳಿಸಬಲ್ಲರು. ಒಳಗೆ ಚಿನ್ನ ಸಿಗಲಿಲ್ಲವೆಂಬುದು ನಿಶ್ಚಯ. ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಒಂದೂ ನಿಂತಿರುತ್ತಿರಲಿಲ್ಲ. ಕಿಂಡಿಯ ಕಲ್ಲುಗಳು ಮುರಿದು ಬಿದ್ದುದನ್ನು ನೋಡುತ್ತ ನಾನು ನಿಂತಿದ್ದಾಗ ಜತೆಗಾರರು ಕೊಳದ ಬಳಿ ಕುಳಿತು, ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಶೇಂಗಾಚಟ್ನಿ ಹಾಕಿ ನನ್ನ ಕಡೆಗೆ ನೀಡಿದರು.

ಉಂಡಾದ ಮೇಲೆ ಅವರು ಮೊಣಕಾಲೆತ್ತರದ ಒಂದು ಮನೆಯ ಬಳಿಗೆ ನನ್ನನ್ನು ಕರೆದೊಯ್ದರು. ಅದರ ಮೇಲ್ಚಪ್ಪಡಿ ಒಂದು ಕಡೆ ಜಾರಿತ್ತು. ಮಳೆಗಾಲದಲ್ಲಿ ಆಗತಾನೆ ಈದ ಮರಿಗಳನ್ನು ತಾವು ಇದರೊಳಗೆ ಬಿಡುತ್ತಿದ್ದುದಾಗಿಯೂ ಈಗ ಕಲ್ಲು ಜಾರಿದುದರಿಂದ ನೀರು ಒಳಗೆ ಇಳಿಯುತ್ತದೆಂದೂ ಹೇಳಿದರು. ನಾವಿಬ್ಬರೂ ಕೈಕೊಟ್ಟು ನೂಕಿದೆವು, ಅದು ಕದಲಲಿಲ್ಲ. ಅಷ್ಟರಲ್ಲಿ ಹೊತ್ತು ಇಳಿದಿತ್ತು. ಅವರ ಕುರಿಗಳು ಒಂದೊಂದಾಗಿ ಬಂಡೆಯಿಳಿದು ಕೊಳದ ನೀರಿಗೆ ಬಾಯಿಟ್ಟುವು.